ತಿರಮಿಸು ಎಂಬ ಕ್ರಿಯಾಪದ

ಬಿಂದುರಾವ್ ಕಾಕಾ ನಾಯಿಗೂ ‘ರೀ’ ಹಚ್ಚಿ ಮಾತನಾಡುತ್ತಿದ್ದರು. ಅಮೆರಿಕದ ಫ್ರೀಮಾಂಟಿನಲ್ಲಿ ಅವರೂ ನಾನೂ ಇದ್ದ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಅಡ್ಡ ಮಲಗುತ್ತಿದ್ದ ಪಕ್ಕದ ಮನೆಯ ನಾಯಿಗೆ, “ಸ್ವಲ್ಪ ಸರೀರಿ, ಆಫೀಸಿಗೆ ಹೊತ್ತಾಗೇದ” ಎನ್ನುವರು. ಧಾರವಾಡದ ಮರ್ಯಾದೆ! ಅವರ ಅರ್ಧ ವಯಸ್ಸಿನ, ಮೈಸೂರಿನ ನನಗೂ ಅದೇ ‘ರೀ’. ಕೇಳಿದಾಗಲೆಲ್ಲ ಕಚಗುಳಿ ಇಟ್ಟಂತಾಗುತ್ತಿತ್ತು.

ಅವರ ಇನ್ನೊಂದು ಹುಚ್ಚು, ಯಾವ ಪರದೇಶಿ ಪದ ಕಂಡರೂ ಅದಕ್ಕೊಂದು ಕನ್ನಡದ ಗೋತ್ರ ಹುಡುಕುವುದು. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹೆಂಡತಿ ವಿಮಲಾ ಕಾಕುವಿನೊಂದಿಗೆ ನನ್ನನ್ನೂ ಸ್ಯಾನ್ ಫ್ರಾನ್ಸಿಸ್ಕೋದ ಇಟಾಲಿಯನ್ ಹೋಟೆಲಿಗೆ ಕರೆದೊಯ್ದರು. ಕಾಫಿಯಲ್ಲಿ ನೆನೆಸಿದ ಬಿಸ್ಕತ್ತಿನ ಮೇಲೆ ಕೆನೆ ಹರಡಿದ ಒಂದು ಸಿಹಿ ಆಗಷ್ಟೇ ಅಲ್ಲಿ ಹೆಸರು ಮಾಡುತ್ತಿತ್ತು: ತಿರಮಿಸು. ಮೆನುವಿನಲ್ಲಿ ಅದನ್ನು ಓದಿ ಕಾಕಾ ಮೇಜು ಕುಟ್ಟಿದರು. “ಕ್ಷಮಿಸು, ವಿರಮಿಸು, ತಿರಮಿಸು! ಇದು ನಮ್ಮ ಕ್ರಿಯಾಪದ ಅದ ರೀ!”

“ಸಿಹಿ ತಿನ್ನೂದು ಬಿಟ್ಟು ವ್ಯಾಕರಣ ತಿಂತಾರ ನೋಡು” ಎಂದರು ಕಾಕು.

ಬಡಿಸಲು ಬಂದ ಇಟಲಿಯ ಮುದುಕ ನಕ್ಕು, ಪದ ಬಿಡಿಸಿ ಹೇಳಿದ. ತಿರ ಎಂದರೆ ಎಳೆ, ಮಿ ಎಂದರೆ ನನ್ನನ್ನು, ಸು ಎಂದರೆ ಮೇಲಕ್ಕೆ. ನನ್ನನ್ನು ಮೇಲೆತ್ತು! ತಿಂದವರಿಗೆ ಚೈತನ್ಯ ಬರಲೆಂದು ಇಟ್ಟ ಹೆಸರಂತೆ. ಹುಟ್ಟಿದ್ದು ತನ್ನೂರು ಟ್ರೆವಿಸೊದಲ್ಲೇ, ತಮ್ಮದೆನ್ನುವ ಪಕ್ಕದೂರಿನವರದು ಬರೀ ಸುಳ್ಳು ಎಂದೂ ಸೇರಿಸಿದ.

“ಅಂದಮ್ಯಾಲೆ ಕ್ರಿಯಾಪದನ ಆತಲ್ರೀ!” ಎಂದು ಕಾಕಾ ಗೆದ್ದೇಬಿಟ್ಟರು. ಅಂದಿನಿಂದ ಸೋಫಾದಿಂದ ಏಳಬೇಕಾದರೂ ನನ್ನತ್ತ ಕೈ ಚಾಚಿ “ತಿರಮಿಸ್ರೀ” ಎನ್ನುವರು.

ಆ ವರ್ಷವೇ ಕಾಕಾಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಜೀವ ಉಳಿದಿದೆ, ಮಾತು ಉಳಿಯುವುದು ಅನುಮಾನ ಎಂದರು ಡಾಕ್ಟರು. ಮಾತಿಲ್ಲದ ಕಾಕಾನನ್ನು ನೆನೆಯಲೂ ನನಗೆ ಭಯವಾಯಿತು. ಕಾಕು ಮಂಚದ ಪಕ್ಕ ಕೂತು ತಾವೇ ಮಾತನಾಡುತ್ತಿದ್ದರು.

ಒಂದು ಬೆಳಿಗ್ಗೆ ನರ್ಸು ಹೊರಬಂದು, ಏನೋ ತೊದಲುತ್ತಿದ್ದಾರೆ, ಅರ್ಥವಿಲ್ಲದ ಶಬ್ದ ಎಂದಳು. ಇಬ್ಬರೂ ಒಳಗೆ ಓಡಿದೆವು. ಕಾಕಾ ನಮ್ಮ ಹಿಂದೆಯೇ ಬಂದ ನರ್ಸಿನತ್ತ ಕೈ ಚಾಚಿ, ನಾಲಿಗೆ ಎಳೆದೆಳೆದು ಹೇಳಿದರು: “ತಿ... ರಮಿಸ್... ರೀ.”

ಕಾಕು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು, ನಕ್ಕರು. “ರೀ ಹಚ್ಯಾರ! ನರ್ಸಿಗೂ ರೀ ಹಚ್ಯಾರ! ಏನೂ ಕೆಟ್ಟಿಲ್ಲ!”

ಇಬ್ಬರೂ ಹಿಡಿದು ಅವರನ್ನು ಎತ್ತಿ ಕೂರಿಸಿದೆವು.

ಮರುವರ್ಷ ಅವರು ಮಗಳಿದ್ದ ಹ್ಯೂಸ್ಟನ್ನಿಗೆ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಹೊರಡುವಾಗ ಏರ್‌ಪೋರ್ಟಿನ ಕುರ್ಚಿಯಿಂದ ನನ್ನತ್ತ ಕೈ ಚಾಚಿ, ಸ್ಪಷ್ಟವಾಗಿ, “ತಿರಮಿಸೋ, ತಮ್ಮಾ” ಎಂದರು. ನನಗೆ ಅವರು ‘ರೀ’ ಹಚ್ಚದೆ ಮಾತನಾಡಿದ್ದು ಅದೊಂದೇ ಸಲ.