ಖಾಲಾ ಕಿಟಕಿ

ಆಗೆಲ್ಲ ಮನೆಯ ಕಿಟಕಿಗಳಿಗೂ ಹೆಸರಿರುತ್ತಿತ್ತು. ದಾವಣಗೆರೆಯ ನಮ್ಮ ಹಳೇ ಮನೆಯಲ್ಲಿ ಮುಂದಿನದು ರಸ್ತೆ ಕಿಟಕಿ. ಕೋಣೆಯದು ತೊಟ್ಟಿಲ ಕಿಟಕಿ, ಅದರ ಪಕ್ಕದಲ್ಲೇ ನನ್ನ ತೊಟ್ಟಿಲು ಕಟ್ಟಿದ್ದರಂತೆ. ಅಡುಗೆಮನೆಯದು ಖಾಲಾ ಕಿಟಕಿ. ಅದರಾಚೆ ಒಂದು ಸಣ್ಣ ಸಂದಿ, ಸಂದಿಯಾಚೆ ಜುಬೇದಾ ಖಾಲಾರ ಅಡುಗೆಮನೆ. ಅಮ್ಮ, ಖಾಲಾ ಇಬ್ಬರೂ ಕೈ ಚಾಚಿದರೆ ಬಟ್ಟಲು ದಾಟುತ್ತಿತ್ತು.

ಅಮ್ಮನ ಹೆಸರು ಕೊರೆಸಿದ ಸ್ಟೀಲಿನ ಬಟ್ಟಲು ಅದು. ಸರಳುಗಳ ನಡುವೆ ಓರೆ ಮಾಡದೆ ತೂರುತ್ತಿತ್ತು. ಇತ್ತಿಂದ ಒಗ್ಗರಣೆ ಮಂಡಕ್ಕಿ ಹೋದರೆ ಅತ್ತಿಂದ ಶಾವಿಗೆ ಪಾಯಸ ಬರುತ್ತಿತ್ತು. ಏನೂ ಇಲ್ಲದ ದಿನ ತಳದಲ್ಲಿ ಒಂದು ಚಿಟಿಕೆ ಸಕ್ಕರೆ. ಬರಿದಾಗಿ ಮಾತ್ರ ಬರುತ್ತಿರಲಿಲ್ಲ.

"ಖಾರ ಕಮ್ಮಿ ಹಾಕಿದೀರಿ ತಾನೆ, ಗಿರಿಜಕ್ಕಾ?"

"ಸುಳ್ಳು ಹೇಳ್ಲೋ, ನಿಜ ಹೇಳ್ಲೋ?"

"ಸುಳ್ಳೇ ಹೇಳ್ರಿ, ತಿಂದ್ ಮ್ಯಾಲೆ ಹೆಂಗೂ ಗೊತ್ತಾಗ್ತೈತೆ."

ನಾನು ಸರಳಿಗೆ ಕೆನ್ನೆ ಒತ್ತಿ ನಿಂತು ಕೇಳುತ್ತಿದ್ದೆ. ಅಂಗೈಗೆಲ್ಲ ತುಕ್ಕಿನ ವಾಸನೆ.

ನಾನು ಮೂರನೇ ಕ್ಲಾಸು ಮುಗಿಸಿದ ಬೇಸಿಗೆ. ಹರಿಹರದ ಅತ್ತೆಯ ಮನೆ ಗೃಹಪ್ರವೇಶಕ್ಕೆ ಹೋಗಿ ಎರಡು ದಿನ ಬಿಟ್ಟು ಬಂದೆವು. ಅಡುಗೆಮನೆಯಲ್ಲಿ ಎರಡು ಸರಳು ಬಾಗಿದ್ದವು. ಬೆಳ್ಳಿ ದೀಪಗಳು, ಅಮ್ಮನ ಎರಡು ಬಳೆ ಹೋಗಿದ್ದವು. ಕಳ್ಳರು ಮಂಡಕ್ಕಿ ಡಬ್ಬಿಗೂ ಕೈ ಹಾಕಿದ್ದರು. ತಿಂದು, ಉಳಿದದ್ದು ಮೆತ್ತಗಾಗದಂತೆ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದ್ದರು.

ಅಪ್ಪ ಅಮ್ಮ ಒಳಗೆ ಬೀರು ನೋಡುತ್ತಿದ್ದಾಗ ಪೊಲೀಸಿನವರೊಬ್ಬರು ಪುಸ್ತಕ ಹಿಡಿದು ನನ್ನನ್ನು ಕೇಳಿದರು, "ಕಳ್ರು ಎಲ್ಲಿಂದ ಬಂದ್ರು, ಪುಟ್ಟಿ?"

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ ಹೇಳಿದೆ. "ಖಾಲಾ ಕಿಟಕಿಯಿಂದ ಬಂದ್ರು, ಸರ್."

"ಯಾವ ಖಾಲಾ?"

ಕೈ ತೋರಿಸಿದೆ.

"ಅವ್ರ ಮನ್ಯಾಗೆ ಇನ್ಯಾರಿದಾರೆ?"

"ರಶೀದ್ ಚಾಚಾ. ಗ್ರಿಲ್ಲು, ಗೇಟು ಮಾಡ್ತಾರೆ. ಕಬ್ಬಿಣ ಬಗ್ಗಿಸ್ತಾರೆ, ಸರ್."

"ಭೇಷ್," ಎಂದು ಅವರು ಬರೆದುಕೊಂಡರು.

ಅಮ್ಮ ಹೊರಗೆ ಬರುವಷ್ಟರಲ್ಲಿ ಚಾಚಾರನ್ನು ಜೀಪಿಗೆ ಹತ್ತಿಸಿಯಾಗಿತ್ತು. "ಅಯ್ಯೋ, ಅದು ಕಿಟಕಿ ಹೆಸರು ರೀ!" ಎಂದು ಅಮ್ಮ ಗೇಟಿನ ತನಕ ಓಡಿದಳು. ಅಪ್ಪ ಸ್ಕೂಟರಿನಲ್ಲಿ ಹಿಂದೆ ಹೋದರು. ಸಂಜೆ ಅದೇ ಸ್ಕೂಟರಿನಲ್ಲಿ ಇಬ್ಬರೂ ಬಂದಿಳಿದರು. ಅಲ್ಲಿ ಏನಾಯಿತೋ ಇಂದಿಗೂ ನನಗೆ ಗೊತ್ತಿಲ್ಲ. ಚಾಚಾರ ಅಂಗಿಯ ಮೇಲಿನ ಗುಂಡಿ ಇರಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ನಿನ್ನ ತಪ್ಪಲ್ಲ ಎಂದೂ ಯಾರೂ ಹೇಳಲಿಲ್ಲ. ನಾನು ಅಳಲಿಲ್ಲ. ಕೊಟ್ಟ ಅನ್ನ ಉಂಡು ಮಲಗಿದೆ.

ಮುಂದಿನ ವಾರ ಅಪ್ಪ ಹರಿಹರದಿಂದ ವೆಲ್ಡಿಂಗಿನವನನ್ನು ಕರೆಸಿದರು.

"ರಶೀದಣ್ಣಂಗೇ ಹೇಳ್ಬೋದಿತ್ತಲ್ರೀ," ಎಂದಳು ಅಮ್ಮ.

"ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು ಅಪ್ಪ.

ಆ ಮಾತು ಸಂದಿ ದಾಟಲಿಲ್ಲ. ಡ್ರಿಲ್ಲಿನ ಸದ್ದು ದಾಟಿತು. ಮಧ್ಯಾಹ್ನ ಚಾಚಾ ಆಚೆಯ ಕಿಟಕಿಗೆ ಬಂದು ಹೊಸ ಗ್ರಿಲ್ಲನ್ನು ಸ್ವಲ್ಪ ಹೊತ್ತು ನೋಡಿದರು.

"ಮೂಲೆಗೆ ಅರ ಉಜ್ಜಪ್ಪಾ, ಚೂಪೈತೆ. ಆ ಹುಡುಗಿ ಕೈ ಹಾಕ್ತಾಳೆ."

"ಸಾಹೇಬ್ರಿಗೆ ಈ ಕೆಲ್ಸ ಗೊತ್ತೇನ್ರಿ?" ಎಂದ ಹರಿಹರದವನು.

"ಸ್ವಲ್ಪ," ಎಂದು ಚಾಚಾ ಕಿಟಕಿಯ ಬಾಗಿಲು ಮುಂದೆ ಮಾಡಿಕೊಂಡರು. ಸದ್ದೇ ಆಗಲಿಲ್ಲ.

ಗ್ರಿಲ್ಲು ಗಟ್ಟಿಯಾಗಿತ್ತು. ಅದರ ಚೌಕಗಳಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು, ಬಟ್ಟಲು ಹೋಗುತ್ತಿರಲಿಲ್ಲ. ಬಣ್ಣ ಒಣಗುವ ಮೊದಲೇ, ಸಂಜೆ, ಖಾಲಾ ಮುಂಬಾಗಿಲಿಗೆ ಬಂದರು. ಅವರು ಆ ಬಾಗಿಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ದೊಂದು ಬಟ್ಲು ಉಳ್ದಿತ್ತು, ಗಿರಿಜಕ್ಕಾ."

"ಬರ್ರಿ ಒಳಗೆ, ಕೂಡ್ರಿ."

"ಬ್ಯಾಡ್ರಿ, ಒಲೆ ಮೇಲೆ ಇಟ್ಟು ಬಂದೀನಿ."

ಅವರು ಹೋದ ಮೇಲೆ ನಾನು ಅಮ್ಮನ ಕೈಯಲ್ಲಿದ್ದ ಬಟ್ಟಲಿನೊಳಗೆ ಇಣುಕಿದೆ. ತೊಳೆದು ಒರೆಸಿದ್ದರು. ಒಂದು ಹರಳು ಸಕ್ಕರೆಯೂ ಇರಲಿಲ್ಲ.

ಆಮೇಲೂ ಎರಡು ಮನೆಯವರು ನಗುತ್ತಿದ್ದರು, ಎದುರಾದರೆ ಚೆನ್ನಾಗಿದೀರಾ ಎನ್ನುತ್ತಿದ್ದರು. ಆ ಕಿಟಕಿಯನ್ನು ಮಾತ್ರ ಮತ್ತೆ ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಈಗ ಇದೇ ಊರಿನಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟು. ಆ ಬಟ್ಟಲು ನನ್ನ ಹತ್ತಿರ ಇದೆ. ಕೆಳಗಿನ ಮನೆಯಲ್ಲಿ ಕಳ್ಳತನವಾಯಿತೆಂದು ಹೋದ ವಾರ ಕಿಟಕಿಗಳಿಗೆಲ್ಲ ಗ್ರಿಲ್ಲು, ಜಾಲರಿ, ಲಾಕು ಹಾಕಿಸಿದೆವು. ಕೆಲಸದವನು ಕಿಟಕಿಗಳಿಗೆ ಒಂದು, ಎರಡು, ಮೂರು ಎಂದು ಸೀಮೆಸುಣ್ಣದಲ್ಲಿ ನಂಬರು ಬರೆದುಕೊಂಡ. ಅಡುಗೆಮನೆಯದು ನಾಲ್ಕು. ಎದುರಿನ ಅಡುಗೆಮನೆಯಲ್ಲಿ ಒಬ್ಬರು ದಿನಾ ಒಗ್ಗರಣೆ ಹಾಕುತ್ತಾರೆ, ಘಮ ಬರುತ್ತದೆ. ಅವರ ಹೆಸರು ನನಗೆ ಗೊತ್ತಿಲ್ಲ.

ಗ್ರಿಲ್ಲಿನ ಅಂಚಿನ ಮೇಲೆ ಬೆರಳಾಡಿಸಿದೆ.

"ಮೂಲೆಗೆ ಸ್ವಲ್ಪ ಅರ ಉಜ್ಜಪ್ಪಾ, ಚೂಪಿದೆ."

"ಯಾಕ್ ಮೇಡಂ, ಇಲ್ಲಿ ಯಾರಾದ್ರೂ ಕೈ ಹಾಕ್ತಾರಾ?"

"ಇಲ್ಲ," ಎಂದೆ.