ಕೊಡೆ ಎಂದರೆ ಕೊಡೆ

ಶ್ರೀರಂಗಪಟ್ಟಣದ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಯಲ್ಲಿ ಬಾಗಿದ ಮರದ ಹಿಡಿಯ ಕರಿಯ ಕೊಡೆಯೊಂದು ಋತುಮಾನಗಳ ಗೊಡವೆಯಿಲ್ಲದೆ ವರ್ಷವಿಡೀ ತೂಗುತ್ತಿತ್ತು. ಊರವರೆಲ್ಲ ಅದನ್ನು ಛತ್ರಿ ಎಂದರೆ ನಾನೊಬ್ಬ ಹಟ ಹಿಡಿದು ಕೊಡೆ ಎನ್ನುತ್ತಿದ್ದೆ. ಕನ್ನಡ ಮೇಷ್ಟರ ಭಾಷಾಭಿಮಾನವೆಂದು ನೀವು ಮೆಚ್ಚಿಕೊಳ್ಳುವ ಮೊದಲೇ ನಿಜ ಹೇಳಿಬಿಡುತ್ತೇನೆ: ಯಾರಾದರೂ ಎರವಲು ಕೇಳಿದರೆ ‘ಕೊಡೆ’ ಎಂದರಾಯಿತು, ವಸ್ತುವಿನ ಹೆಸರೂ ಅದೇ, ನನ್ನ ಉತ್ತರವೂ ಅದೇ! ಛತ್ರಿ ಎಂಬ ಪದಕ್ಕೆ ಕಿಲಾಡಿ ಎಂಬ ಅರ್ಥವೂ ಇದೆಯೆಂದು ನನ್ನ ಹೆಂಡತಿ ನನ್ನನ್ನೂ ಕೊಡೆಯನ್ನೂ ಒಟ್ಟಿಗೆ ನೋಡುತ್ತಾ ಆಗಾಗ ನೆನಪಿಸುತ್ತಿದ್ದಳು.

ಮೊದಲೆಲ್ಲ ಮಳೆಗೊಂದು ಮರ್ಯಾದೆಯಿತ್ತು. ಭರಣಿ, ಕೃತ್ತಿಕೆ, ರೋಹಿಣಿ ಎಂದು ಮನೆಯ ಹೆಣ್ಣುಮಕ್ಕಳಂತೆ ಹೆಸರಿಟ್ಟುಕೊಂಡು ಹೆಚ್ಚುಕಮ್ಮಿ ಸರತಿಯ ಪ್ರಕಾರವೇ ಬರುತ್ತಿತ್ತು. ಈ ತೊಂಬತ್ತರ ದಶಕದಲ್ಲಿ ಅದಕ್ಕೇನಾಯಿತೋ ಕಾಣೆ. ಬಾ ಎಂದಾಗ ಬಾರದು, ಬಂದರೆ ತಿಂಗಳಿಡೀ ಬೀಳಬೇಕಾದದ್ದನ್ನು ಒಂದೇ ಸಂಜೆಗೆ ಸುರಿದು ಹೊಲದ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಿರಿಯರು ‘ಕಾಲ ಕೆಟ್ಟೋಯ್ತು’ ಎಂದಾಗ ಹುಡುಗರ ಕ್ರಾಪಿನ ವಿಚಾರ ಹೇಳುತ್ತಿದ್ದಾರೆಂದುಕೊಳ್ಳುತ್ತಿದ್ದ ನನಗೆ, ಅವರು ಮಳೆಗಾಲ, ಬೇಸಗೆಕಾಲಗಳ ಬಗ್ಗೆಯೇ ಹೇಳುತ್ತಿದ್ದರೆಂದು ಹೊಳೆದದ್ದು ತಡವಾಗಿ.

ಹೊಳೆದದ್ದು ಎಲ್ಲಿ ಎಂದಿರೋ, ನನ್ನ ಅಕ್ಕನ ಮಗಳು ಸುಧಾಳ ಮದುವೆಯಲ್ಲಿ. ಅಕ್ಕನದು ಪಾಂಡವಪುರದ ಪಕ್ಕದ, ನಾಲೆ ನೀರುಂಡು ಸೊಕ್ಕಿದ ಹಳ್ಳಿ. ಗಂಡು ನಾಗಮಂಗಲದಾಚೆಯ ಬಿಂಡಿಗನವಿಲೆಯವನು. ಮನೆಯ ಮುಂದೆ ತೆಂಗಿನಗರಿ ಹೊದಿಸಿ, ಹಸಿಸೊಪ್ಪು ಕಟ್ಟಿದ ಚಪ್ಪರ ಎದ್ದಿತ್ತು. ಧಾರೆಯ ಹಿಂದಿನ ಸಂಜೆ, ಸುಡುಬೇಸಗೆಯ ನಟ್ಟನಡುವೆ, ಎಲ್ಲಿತ್ತೋ ಆ ಬಿರುಗಾಳಿ! ಚಪ್ಪರವನ್ನು ಅನಾಮತ್ತಾಗಿ ಎತ್ತಿ ಕಬ್ಬಿನ ಗದ್ದೆಗೆ ಎಸೆಯಿತು. ಬೆನ್ನಿಗೇ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಕರೆಂಟು ಹೋಯಿತು, ಹೆಂಚು ಒಡೆಯಿತು, ಹೆಣ್ಣಿನ ಸೋದರಮಾವನೆಂಬ ಗುರುತರ ಜವಾಬ್ದಾರಿ ಹೊತ್ತ ನಾನು ಸೋರುವ ನಡುಮನೆಯಲ್ಲಿ, ಬಿಸಿಲಿಗೆಂದು ತಂದಿದ್ದ ಕೊಡೆ ಬಿಚ್ಚಿಕೊಂಡು ಗಂಭೀರವಾಗಿ ನಿಂತೆ.

ನಮ್ಮ ದೊಡ್ಡವ್ವ ಮಾತ್ರ ಎದೆ ಎದೆ ಬಡಿದುಕೊಂಡಳು. “ಚಪ್ಪರವೇ ಕಿತ್ಕಂಡೋದ್ಮೇಲೆ ಇನ್ಯಾವ ಧಾರೆ? ಅಪಶಕುನ ಕಣ್ರವ್ವಾ, ಮದ್ವೆಯ ಮುಂದುಕ್ ಆಕ್ಬುಡಿ.” ಮುಂದಕ್ಕೆ ಹಾಕಿದ ಮದುವೆ ಮುಂದೆಂದಾದರೂ ಆದೀತೆಂಬ ಖಾತರಿ ಯಾರಿಗಿದೆ? ಅರಿಸಿನ ಹಚ್ಚಿಕೊಂಡು ಕೂತಿದ್ದ ಸುಧಾ ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಗಂಡಿನ ಕಡೆಯವರು ಬಂದರು. ದಾರಿಗೆ ಮರ ಬಿದ್ದು ಬಸ್ಸು ನಿಂತದ್ದರಿಂದ ನಡೆದೇ ಬಂದಿದ್ದರು, ತೊಪ್ಪೆಯಾಗಿದ್ದರು. ಎಲ್ಲರಿಗಿಂತ ಮುಂದೆ ಗಂಡಿನ ಅಜ್ಜಿ ಕೆಂಪಮ್ಮ, ಸೆರಗಿನ ತುಂಬ ಆಲಿಕಲ್ಲು ಆರಿಸಿಕೊಂಡು ಬಾಯ್ತುಂಬ ನಗುತ್ತಾ. “ಏನ್ ಪುಣ್ಯ ಮಾಡಿದ್ರಪ್ಪಾ! ನಮ್ ಕಡೆ ಒಂದನಿ ಇಲ್ದೆ ಒಲ ಬಾಯ್ ಬುಟ್ಕಂಡ್ ಬಿದ್ದದೆ. ಇಲ್ ನೋಡುದ್ರೆ ಎಣ್ಣಿನ್ ಮನೆ ಬಾಗ್ಲುಗೇ ಮಳೆರಾಯ ಬಂದವ್ನೆ!”

ನಾಲೆಯವರ ಅಪಶಕುನ ಮುಗಿಲು ನೋಡಿ ಬದುಕುವವರಿಗೆ ಆಶೀರ್ವಾದವಾಗಿತ್ತು. ಬೀಗರ ಅಜ್ಜಿಯೇ ಹಾಗೆಂದ ಮೇಲೆ ದೊಡ್ಡವ್ವ ಇನ್ನೇನು ಹೇಳಿಯಾಳು? ಸುಧಾ ಅಂತೂ ಉಸಿರು ಬಿಟ್ಟಳು. ಇನ್ನು ಜಾಗದ ಪ್ರಶ್ನೆ. ನೆರೆಯ ತಮ್ಮಣ್ಣನ ಬೆಲ್ಲದ ಆಲೆಮನೆ ಮಾತ್ರ ಬಗ್ಗಿ ಕೂತಿದ್ದರಿಂದಲೋ ಏನೋ ಗಾಳಿಗೆ ಜಗ್ಗದೆ ಉಳಿದಿತ್ತು. “ಇದೂ ಗರಿ ಚಪ್ಪರಾನೇ, ಬನ್ನಿ” ಎಂದ. ಹೀಗೆ ಆಲಿಕಲ್ಲು ಅಟ್ಟಿದವರನ್ನು ಆಲೆಮನೆ ಬರಮಾಡಿಕೊಂಡಿತು. ಮಾರನೆಯ ಬೆಳಿಗ್ಗೆ ಜಿನುಗುಮಳೆಯಲ್ಲಿ, ಮದುವಣಗಿತ್ತಿಯನ್ನು ಎತ್ತಿಕೊಂಡು ಹೋಗಬೇಕಾದ ಸೋದರಮಾವ ಸೊಂಟದ ನೆಪ ಹೇಳಿ, ಅವಳ ತಲೆಗೆ ಕೊಡೆ ಹಿಡಿದು ನಡೆಸಿಕೊಂಡು ಹೋದ.

ಕರೆಂಟಿಲ್ಲದ ಆಲೆಮನೆಯ ಮಬ್ಬಿನಲ್ಲಿ ಪುರೋಹಿತರು “ಹಾಲು ತನ್ನಿ” ಎಂದರು. ತಮ್ಮಣ್ಣ ಮುನ್ನುಗ್ಗಿ ಚೊಂಬು ತುಂಬಿ ತಂದ. ಗಂಡು ಹೆಣ್ಣಿನ ಕೈಮೇಲೆ ಅಕ್ಕ ಭಾವ ಎರೆದರು, ನಾನು ಎರೆದೆ, ನೆಂಟರಿಷ್ಟರೆಲ್ಲ ಸರದಿಯಲ್ಲಿ ಎರೆದರು. ಕಬ್ಬಿನ ವಾಸನೆಯೇನೋ ಬಂತು. ಆಲೆಮನೆಯಲ್ಲಿ ಮತ್ತೇನು ಮಲ್ಲಿಗೆಯ ವಾಸನೆ ಬರುತ್ತದೆಯೇ? ಕೊನೆಗೆ ಗಂಡು ಕಕ್ಕಾಬಿಕ್ಕಿಯಾಗಿ, “ಕೈ ಅಂಟ್ಕಂಡದೆ” ಎಂದ. ಇರುವೆಗಳಾಗಲೇ ಮುತ್ತಿದ್ದವು. ನೋಡಿದರೆ ಚೊಂಬಿನಲ್ಲಿದ್ದದ್ದು ಕಬ್ಬಿನ ಹಾಲು! “ಆಲು ಅಂದ್ರಿ, ತಂದೆ. ನಮ್ಮನೇಲಿ ಆಲು ಅಂದ್ರೆ ಇದೇಯ” ಎಂದ ತಮ್ಮಣ್ಣ. ಗಾಣದ ಹಾಲಲ್ಲದೆ ಹಸುವಿನ ಹಾಲೂ ಲೋಕದಲ್ಲುಂಟೆಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಮರೆತೇ ಹೋಗಿತ್ತು. ಎಲ್ಲರೂ ಒಂದು ಗಳಿಗೆ ಕೆಂಪಮ್ಮನ ಮುಖ ನೋಡಿದರು.

“ಅಂಟ್ಕಳ್ಳಿ ಬುಡ್ಲಾ! ಮದ್ವೆ ಮಾಡೋದೇ ಅದ್ಕಲ್ವಾ?”

ಆಲೆಮನೆಯ ಗರಿಯೆಲ್ಲ ಅದುರುವಂತೆ ಜನ ನಕ್ಕರು. ದೊಡ್ಡವ್ವನೂ ನಕ್ಕಳು. ಅಂದಿನಿಂದ ಆ ಊರಲ್ಲಿ ಬೇಸಗೆ ಮದುವೆಗೆ ಶಾಸ್ತ್ರಕ್ಕೊಂದು ಪುಟ್ಟ ಚಪ್ಪರ ಹಾಕಿ, ಮುಂಚಿತವಾಗಿಯೇ ತಮ್ಮಣ್ಣನಿಗೂ ಒಂದು ಮಾತು ಹೇಳಿಟ್ಟಿರುತ್ತಾರೆ. ಚೊಂಬನ್ನು ಮಾತ್ರ ಮೂಸಿ ನೋಡಿಯೇ ಒಳಗೆ ಬಿಡುತ್ತಾರೆ.

ಆ ಮದುವೆಯ ಗದ್ದಲದಲ್ಲಿ ನನ್ನ ಕೊಡೆ ದಿಬ್ಬಣದ ಜೊತೆ ಬಿಂಡಿಗನವಿಲೆ ಸೇರಿತ್ತು. ಎರವಲು ಕೊಡದವನ ಕೊಡೆ ಕೇಳದೆಯೇ ಹೋಗಿತ್ತು! ಮರಳಿ ತರುವ ಆಸೆಯಿಂದ, ಎರಡು ವರ್ಷದ ಮೇಲೆ, ಮೊನ್ನೆ ಈ ಬೇಸಗೆಯಲ್ಲಿ ಹೊರಟೆ. ಅವರ ಹೊಲದ ಬದುಗಳು ಎತ್ತರವಾಗಿದ್ದವು. ಧೋ ಎಂದು ಬಂದು ಓಡಿಹೋಗುವ ಈಗಿನ ಮಳೆಯನ್ನು ನಿಲ್ಲಿಸಿಕೊಳ್ಳಲು ಹೊಲದ ತಗ್ಗಿನಲ್ಲಿ ಸುಧಾ ಮತ್ತವಳ ಗಂಡ ದೊಡ್ಡ ಗುಂಡಿ ತೋಡಿಸಿದ್ದರು. ಗುಂಡಿಯಲ್ಲಿ ನೀರಿತ್ತು. ಜಗಲಿಯ ಮೇಲೆ ನನ್ನ ಕೊಡೆ ಬಿಚ್ಚಿಕೊಂಡು ಕೂತಿತ್ತು, ಅದರ ಕೆಳಗೆ ಅಂಬೆಗಾಲಿಡುವ ಸುಧಾಳ ಮಗಳು. ನಾನು ಮೆಲ್ಲಗೆ ವಿಷಯ ತೆಗೆದೆ.

“ಮಳೆ ಈಗ ಏಳಿ ಕೇಳಿ ಬತ್ತದಾ? ನಮ್ ಮಗಿಗೆ ಬೇಕು,” ಎಂದಳು ಕೆಂಪಮ್ಮ. “ನಾನ್ ಕೊಡೆ ಕಣಪ್ಪ.”

ನನ್ನ ಅಸ್ತ್ರ ನನಗೇ ತಿರುಗಿತ್ತು. ಬಸ್ಸಿಳಿಯುವ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಜೋರು ಮಳೆ. ಹಾಯಾಗಿ ನೆನೆಯುತ್ತಲೇ ಮನೆ ಸೇರಿದೆ. ಬಾಗಿಲ ಹಿಂದಿನ ಬರಿಯ ಮೊಳೆಗೆ ಒದ್ದೆ ಅಂಗಿ ತೂಗುಹಾಕುತ್ತಿದ್ದಾಗ ಹೆಂಡತಿ ಕೇಳಿದಳು, “ಕೊಡೆ ಎಲ್ಲಿ?”

“ಕೊಟ್ಟೆ” ಎಂದೆ.