ಲೆಕ್ಕಕ್ಕೆ ಬಾರದ ಕೊಬ್ಬರಿ

ನನ್ನ ಮಗಳು ಆರನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ರಂಪ. ತಟ್ಟೆಯಲ್ಲಿ ಅರ್ಧ ಮುದ್ದೆ, ಅದನ್ನು ಬೆರಳಿನಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಿಸುತ್ತಾ ಕೂತ ಅವಳು, ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ನಾನು.

"ಸಾಕಮ್ಮ, ಹೊಟ್ಟೆ ತುಂಬ್ತು."

"ಏನ್ ತಿಂದಿದೀಯ ಅಂತ ತುಂಬುತ್ತೆ, ಗಾಳೀನಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಪಂಚನಹಳ್ಳಿಯಿಂದ ಸಿಂಗಟಗೆರೆಯವರೆಗೆ ನಮ್ಮ ನೆಂಟರಿಗೆಲ್ಲ ಗೊತ್ತಿರುವ ವಿಷಯ. ಆದರೆ ಆಗ ನನಗಿದ್ದದ್ದು ಸಿಟ್ಟಿಗಿಂತ ಹೆಚ್ಚಾಗಿ ಭಯ. ಹುಡುಗಿ ಕಡ್ಡಿಯ ಹಾಗಿದ್ದಳು. ಬೆಳಿಗ್ಗೆ ಒಂದು ರೊಟ್ಟಿಯನ್ನು ಮುರಿದು ಅರ್ಧ ಬಿಡುವುದು, ಶಾಲೆಯ ಬಿಸಿಯೂಟದಲ್ಲಿ ಒಂದಿಷ್ಟು ಅನ್ನ, ರಾತ್ರಿ ಈ ಮುದ್ದೆಯ ಆಟ. ಅವಳ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ಕ್ಯಾಲೊರಿ ಬೇಕೆಂದು ಫೋನಿನಲ್ಲಿ ಓದಿದ್ದೆ. ಇವಳು ತಿನ್ನುವುದನ್ನು ಕೂಡಿಸಿದರೆ ಅದರ ಅರ್ಧ ದಾಟುವುದೇ ಕಷ್ಟ. ಅಂದಿನಿಂದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ಬರೀ ತಟ್ಟೆ ಕಾಣುತ್ತಿತ್ತು.

ಅಷ್ಟರಲ್ಲಿ ಅವಳು ಶಾಲೆಯ ಖೊಖೊ ತಂಡಕ್ಕೆ ಆಯ್ಕೆಯಾದಳು. ಕಡೂರಿನಲ್ಲಿ ತಾಲ್ಲೂಕು ಪಂದ್ಯ. ಪಿ.ಟಿ. ಮೇಷ್ಟ್ರು ಮನೆಗೇ ಬಂದು, "ಇವ್ಳನ್ನ ಮುಟ್ಟೋಕೆ ನಮ್ ಸ್ಕೂಲಲ್ಲಿ ಯಾರ್ ಕೈಲೂ ಆಗಲ್ಲ ಕಣಮ್ಮ, ಕಳ್ಸಿಕೊಡಿ" ಎಂದರು. ನಾನು ಖಡಾಖಂಡಿತವಾಗಿ ಹೇಳಿಬಿಟ್ಟೆ. ಉಣ್ಣದ ಮಗುವನ್ನು ಬಿಸಿಲಿನಲ್ಲಿ ಓಡಿಸಲು ನಾನು ಕಳಿಸುವುದಿಲ್ಲ. ತಟ್ಟೆ ಖಾಲಿ ಮಾಡುವ ದಿನ ಬಂದರೆ ಆಟದ ಮಾತು.

ಮಗಳು ಅಜ್ಜಿಯ ಪಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಖೊಖೊ ಬಿಟ್ಟರೆ ಆ ವರ್ಷ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ, ಈಗ ಆ ಮಾತೂ ನಿಂತಿತು. ಆದರೂ ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಅತ್ತೆ ತೀರ್ಪು ಕೊಟ್ಟರು. "ಬೀರೂರಿಗೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸು. ಅವ್ರು ಆಡ್ಲಿ ಅಂದ್ರೆ ಆಡ್ಲಿ, ಬ್ಯಾಡ ಅಂದ್ರೆ ಬ್ಯಾಡ. ಆಮ್ಯಾಕೆ ನೀನೂ ಮಾತಾಡಂಗಿಲ್ಲ, ಅವ್ಳೂ ಮಾತಾಡಂಗಿಲ್ಲ."

ಅದು ನಮ್ಮ ಮನೆಯಲ್ಲಿ ಕೊಬ್ಬರಿ ಒಡೆಯುವ ಕಾಲ. ಹೆಚ್ಚುಕಡಿಮೆ ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದ ಕಾಯಿಗಳು ಒಳಗೇ ಒಣಗಿ, ಅಲುಗಿಸಿದರೆ ಗಡಗಡ ಎನ್ನುತ್ತವೆ. ಅವನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ಉಂಡೆಯಾಗಿಯೇ ಹೊರಗೆ ತೆಗೆಯಬೇಕು. ಅಂಗಳದಲ್ಲಿ ಆಳುಗಳು, ಜಗಲಿಯ ಮೇಲೆ ಅತ್ತೆ. ನನಗೆ ಅಡುಗೆ, ಕಾಫಿ, ಅದರ ಮೇಲೆ ಬಟ್ಟೆ ಒಗೆಯುವ ಕೆಲಸ. ಮಗಳ ಯೂನಿಫಾರಂ ಲಂಗದ ಜೇಬಿನಲ್ಲಿ ದಿನಾ ಎಣ್ಣೆಯ ಕಲೆ. "ಈ ಜೇಬಲ್ಲಿ ಏನ್ ದೀಪ ಹಚ್ತೀಯೇನೇ?" ಎಂದು ಬೈಯುತ್ತಾ ಉಜ್ಜುತ್ತಿದ್ದೆ. ಇಷ್ಟು ಕೆಲಸದ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡಿದಳು, ನಾನು ಅವಳ ಸಣ್ಣ ಮಣಿಕಟ್ಟನ್ನು ನೋಡಿದೆ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ತೂಕ ನೋಡಿದರು, ಎತ್ತರ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಏನೇನು ತಿನ್ನುತ್ತಾಳೆಂದು ಕೇಳಿದರು. ನಾನು ಪಾಠ ಒಪ್ಪಿಸುವಂತೆ ಒಪ್ಪಿಸಿದೆ. ಅರ್ಧ ರೊಟ್ಟಿ, ಒಂದು ಲೋಟ ಹಾಲು, ಬಿಸಿಯೂಟದ ಅನ್ನ ಸಾರು, ಬಾಳೆಹಣ್ಣು, ರಾತ್ರಿ ಅರ್ಧ ಮುದ್ದೆ. ಅವರು ಹುಬ್ಬು ಗಂಟಿಕ್ಕಿದರು.

"ನೀವು ಹೇಳೋದು ನಿಜ ಆದ್ರೆ ಇವ್ಳು ಇಷ್ಟೊತ್ತಿಗೆ ಸುಸ್ತಾಗಿ ಮಲ್ಗಿರ್ಬೇಕಿತ್ತು. ವಯಸ್ಸಿಗೆ ತಕ್ಕ ಎತ್ತರ ಇದಾಳೆ, ತೂಕಾನೂ ಸರಿಯಾಗಿದೆ, ರಕ್ತಾನೂ ಚೆನ್ನಾಗಿರೋ ಹಾಗಿದೆ. ಎಲ್ಲೋ ಏನೋ ತಿಂತಿದಾಳೆ ಕಣ್ರೀ."

"ಎಲ್ಲೂ ಇಲ್ಲ ಡಾಕ್ಟ್ರೇ. ನಮ್ಮೂರಲ್ಲಿ ಬೇಕರೀನೂ ಇಲ್ಲ."

ಡಾಕ್ಟರ ಕಣ್ಣು ಮಗಳ ಎಣ್ಣೆ ಕಲೆಯ ಜೇಬಿನ ಮೇಲೆ ಬಿತ್ತು. "ಪುಟ್ಟಿ, ಜೇಬಲ್ಲಿ ಏನಿದೆ?"

ಮಗಳು ನನ್ನ ಮುಖ ನೋಡಿ, ಕೈ ಹಾಕಿ, ಒಂದು ಕೊಬ್ಬರಿ ಗಿಟುಕನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಬೆನ್ನಿಗೇ ಒಂದು ಬೆಲ್ಲದ ಚೂರು ಬಂತು. ಗಿಟುಕಿನ ಅಂಚಿನಲ್ಲಿ ಅವಳ ಹಲ್ಲಿನ ಗುರುತು ಸಾಲಾಗಿತ್ತು.

"ಇದು?" ಎಂದರು ಡಾಕ್ಟರು.

"ಅದು ಊಟ ಅಲ್ಲ ಡಾಕ್ಟ್ರೇ, ಕೊಬ್ಬರಿ" ಎಂದೆ ನಾನು.

ಅವರು ನಕ್ಕರು ನೋಡಿ, ಹೊರಗೆ ಕೂತಿದ್ದ ರೋಗಿಗಳೆಲ್ಲ ಕತ್ತು ಚಾಚಿದರು. ನನಗೆ ನಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಲ್ಲಿ ಉಂಡೆ ಕೊಬ್ಬರಿ ಮಾತ್ರ ಮಾರಾಟಕ್ಕೆ. ಒಡೆಯುವಾಗ ಹೋಳಾದದ್ದು ಅತ್ತೆಯ ಮಗ್ಗುಲಿನ ಬುಟ್ಟಿಗೆ. ಹೋಗುವವರು ಬರುವವರು ಒಂದೊಂದು ಎತ್ತಿಕೊಂಡು ಬಾಯಾಡಿಸುತ್ತಾರೆ. ಅದನ್ನು ಯಾರೂ ತಿನ್ನುವುದು ಎನ್ನುವುದಿಲ್ಲ. ತಟ್ಟೆಗೆ ಬೀಳದ್ದು, ಒಲೆ ಕಾಣದ್ದು ನಮ್ಮ ಪಾಲಿಗೆ ಊಟವೇ ಅಲ್ಲ. ತೆಂಗಿನ ತೋಟದವರನ್ನು ಬಿಟ್ಟು ಬೇರೆ ಯಾರೂ ಇಂಥ ಲೆಕ್ಕ ತಪ್ಪಲಾರರು.

ಇಂಥ ಒಂದು ಗಿಟುಕಿಗೆ ಒಂದಿಷ್ಟು ಬೆಲ್ಲ ಸೇರಿದರೆ ಒಂದು ಹೊತ್ತಿನ ಊಟದಷ್ಟು ಕ್ಯಾಲೊರಿ ಎಂದು ಡಾಕ್ಟರು ಹೇಳಿದರು. ಇವಳು ದಿನಕ್ಕೆ ಎಷ್ಟು ತಿನ್ನುತ್ತಿದ್ದಳೋ ಆ ಶಿವನಿಗೇ ಗೊತ್ತು. ಆದರೆ ಡಾಕ್ಟರು ಅವಳನ್ನೂ ಸುಮ್ಮನೆ ಬಿಡಲಿಲ್ಲ. ಕೊಬ್ಬರಿಯಿಂದ ಓಡುವ ಶಕ್ತಿ ಬರಬಹುದು, ಬೆಳೆಯುವುದಕ್ಕೆ ರಾಗಿ, ಕಾಳು, ಸೊಪ್ಪು, ಮೊಸರು ಬೇಕು ಎಂದರು. ಊಟಕ್ಕೆ ಮುಂಚೆ ಬುಟ್ಟಿಗೆ ಕೈ ಹಾಕುವಂತಿಲ್ಲ, ಏನಿದ್ದರೂ ಒಂದು ಹೋಳು, ಅದೂ ಆಟದ ಹೊತ್ತಿಗೆ. ನನಗೆ ಹೇಳಿದ್ದು ಬೇರೆ. "ಮಕ್ಕಳು ಒಂದಿನ ಜಾಸ್ತಿ ತಿಂತಾರೆ, ಒಂದಿನ ಬಿಡ್ತಾರೆ. ಓಡಿದ ದಿನ ಒಂದ್ ಹಸಿವು, ಕೂತ ದಿನ ಒಂದ್ ಹಸಿವು. ಹೊತ್ತುಹೊತ್ತಿಗೂ ಲೆಕ್ಕ ಇಡಬೇಡಿ. ವಾರ ಪೂರ್ತಿ ಹೇಗ್ ತಿಂತಾಳೆ ನೋಡಿ, ಬೆಳೀತಿದಾಳಾ ನೋಡಿ."

"ಆಡಬೋದಾ?" ಎಂದು ಮಗಳು ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಆಡದೆ ಇದ್ರೆ ಆ ಕೊಬ್ಬರೀನ ಏನ್ ಮಾಡ್ತೀಯ?"

ಬಸ್‌ಸ್ಟ್ಯಾಂಡಿನವರೆಗೂ ಅವಳು ನನ್ನ ಕೈ ಹಿಡಿದು ಕುಣಿದುಕೊಂಡು ಬಂದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಮನೆಗೆ ಬಂದು ವಿಷಯ ಹೇಳಿದರೆ ಅತ್ತೆ ಬುಟ್ಟಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, "ನಾನೇನ್ ಕಂಡೆ, ಮಗು ಬಾಯಾಡಸ್ತಿತ್ತು" ಎಂದರು. ಅವರ ಬಾಯಲ್ಲೂ ಒಂದು ಹೋಳಿತ್ತು. ಒಂದು ವಾರ ಬುಟ್ಟಿ ಅಲ್ಲೇ ಉಳಿಯಿತು. ಅಷ್ಟರಲ್ಲಿ ಮುದ್ದೆ ಒಂದಾಯಿತು, ಓಡಿಬಂದ ದಿನ ಒಂದೂವರೆ ಆಯಿತು. ನಾನು ಕಷ್ಟಪಟ್ಟು ತಟ್ಟೆ ನೋಡುವುದನ್ನು ಬಿಟ್ಟೆ.

ಪಂದ್ಯದ ದಿನ ಕಡೂರಿನ ಮೈದಾನಕ್ಕೆ ನಾನೂ ಹೋದೆ. ಆಟದ ಚಡ್ಡಿಗೆ ಜೇಬಿಲ್ಲ, ಹಾಗಾಗಿ ಅವಳ ಪಾಲಿನ ಕೊಬ್ಬರಿ ಬೆಲ್ಲ ನನ್ನ ಸೆರಗಿನ ಗಂಟಿನಲ್ಲಿ. ಮೊದಲ ಸರದಿ ಮುಗಿದ ಮೇಲೆ ಬಂದು ತಿನ್ನುತ್ತೇನೆಂದು ಹೇಳಿ ಹೋಗಿದ್ದಳು. ಶಿಳ್ಳೆ ಊದಿದರು. ನನ್ನ ಮಗಳು ಸಾಲಾಗಿ ಕೂತ ಹುಡುಗಿಯರ ನಡುವೆ ನುಸುಳಿದಳು, ತಿರುಗಿದಳು, ಬೆನ್ನಟ್ಟಿದವಳ ಬೆರಳ ತುದಿಯಿಂದ ಜಾರಿಕೊಂಡಳು. ಜೊತೆಯವರಿಬ್ಬರೂ ಔಟಾದರು, ಇವಳೊಬ್ಬಳು ಓಡುತ್ತಲೇ ಇದ್ದಳು. ನನ್ನ ಕೈ ಸೆರಗಿನ ಗಂಟಿನ ಮೇಲಿತ್ತು. ಏನು ಕೂಗಿದೆನೋ, ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಸರದಿ ಮುಗಿದ ಶಿಳ್ಳೆ ಕೇಳಿದಾಗಲೂ ಅವಳನ್ನು ಯಾರೂ ಮುಟ್ಟಿರಲಿಲ್ಲ.

ಬೆವರು ಸುರಿಸುತ್ತಾ ನನ್ನ ಹತ್ತಿರ ಓಡಿಬಂದು ಕೈ ಚಾಚಿದಳು. "ಅಮ್ಮ, ಕೊಬ್ಬರಿ."

ಸೆರಗಿಗೆ ಕೈ ಹಾಕಿದೆ. ಗಂಟು ಬಿಚ್ಚಿತ್ತು. ಬೆಲ್ಲದ ಪುಡಿ ಬಿಟ್ಟರೆ ಏನೂ ಇಲ್ಲ. ಆಗಲೇ ಗೊತ್ತಾದದ್ದು, ನನ್ನ ದವಡೆ ಇನ್ನೂ ಆಡುತ್ತಿತ್ತು.

ಮಗಳು ನನ್ನ ಬಾಯಿ ನೋಡಿದಳು, ಸೆರಗು ನೋಡಿದಳು. ನೀರಿನ ಬಾಟಲಿ ಎತ್ತಿಕೊಂಡು ಮೈದಾನಕ್ಕೆ ತಿರುಗುತ್ತಾ ಹೇಳಿದಳು.

"ಹೋಗ್ಲಿ ಬಿಡಮ್ಮ. ನೀನೇನ್ ಊಟ ಮಾಡಿದ್ಯಾ, ಕೊಬ್ಬರಿ ತಾನೇ."